ಮೊದಲು ಗಡ್ಡೆ ಕರಗಲಿ, ಕಸಿ ಆಮೇಲೆ

ಈ ತಿಂಗಳು ಬಂದ ಕಾಗದಗಳಲ್ಲಿ ಲಿಂಫೋಮಾ, ಅಂದರೆ ಬಿಳಿ ರಕ್ತಕಣದಲ್ಲಿ ಹುಟ್ಟುವ ಕ್ಯಾನ್ಸರ್ ಬಗ್ಗೆ ಕೇಳಿದವರೇ ಜಾಸ್ತಿ. ಬೋನ್ ಮ್ಯಾರೋ ಕಸಿ, ಸ್ಟೆಮ್ ಸೆಲ್, ಕಾರ್-ಟಿ ಅಂತ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್, ಕೋಲಾರ ಜಿಲ್ಲೆಯ ಎಲ್ಲ ಮೂಲೆಯಿಂದಲೂ ಕೇಳಿದ್ದೀರಿ. ಹಾಗಾಗಿ ಶುಗರ್, ಮಂಡಿನೋವಿನ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಯಾರ ಹೆಸರೂ ಹಾಕಿಲ್ಲ. ಒಂದು ಮಾತು ನೆನಪಿರಲಿ, ನಿಮ್ಮ ರಿಪೋರ್ಟು ನೋಡದೆ ಬರೆದ ಉತ್ತರಗಳಿವು. ಕೊನೆಯ ಮಾತು ನಿಮ್ಮನ್ನು ನೋಡುತ್ತಿರುವ ಡಾಕ್ಟರದ್ದೇ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ 46 ವರ್ಷ. ಎರಡು ವರ್ಷದ ಹಿಂದೆ ಕುತ್ತಿಗೆಯಲ್ಲಿ ಗಡ್ಡೆ ಬಂದು ಡಿಎಲ್‌ಬಿಸಿಎಲ್ ಅನ್ನೋ ಲಿಂಫೋಮಾ ಅಂತ ಗೊತ್ತಾಯಿತು. ಆರು ಸಲ ಆರ್-ಚಾಪ್ ಕೀಮೋ ಕೊಟ್ಟರು, ಪೂರ್ತಿ ಹೋಗಿತ್ತು. ಈಗ ಹೊಟ್ಟೆಯೊಳಗೆ ಮತ್ತೆ ಗಂಟು ಕಾಣಿಸಿದೆ. ಬೇರೆ ಕೀಮೋ ಕೊಟ್ಟು, ಆಮೇಲೆ ಅವರದೇ ಸ್ಟೆಮ್ ಸೆಲ್ ತೆಗೆದು ವಾಪಸ್ ಹಾಕ್ತೀವಿ ಅಂತಾರೆ. ಕ್ಯಾನ್ಸರ್ ಇರೋ ಮೈಯಿಂದ ತೆಗೆದಿದ್ದನ್ನೇ ಮತ್ತೆ ಹಾಕಿದ್ರೆ ಏನು ಪ್ರಯೋಜನ? ಇಷ್ಟು ಒಳ್ಳೇದಾದ್ರೆ ಮೊದಲೇ ಯಾಕೆ ಮಾಡಲಿಲ್ಲ? (ಗೃಹಿಣಿ, ಮಾಲೂರು)

ಉತ್ತರ: ಅಮ್ಮಾ, ನೀವು ಕೇಳಿದ್ದು ಸರಿಯಾಗೇ ಇದೆ. ಈ ಅನುಮಾನ ಸುಮಾರು ಜನಕ್ಕೆ ಇರುತ್ತದೆ, ಕೇಳೋದಿಲ್ಲ ಅಷ್ಟೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಈ ಕಸಿಯಲ್ಲಿ ವಾಪಸ್ ಹಾಕುವ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಮೂಲ ಕಣ, ಕ್ಯಾನ್ಸರನ್ನು ಕೊಲ್ಲೋದಿಲ್ಲ. ಕೊಲ್ಲೋದು ಅದಕ್ಕೂ ಮುಂಚೆ ಕೊಡುವ ಭಾರಿ ಡೋಸಿನ ಕೀಮೋ. ಮಾಮೂಲಿ ಕೀಮೋವನ್ನು ಒಂದು ಮಿತಿಗಿಂತ ಜಾಸ್ತಿ ಕೊಡೋಕೆ ಆಗೋದಿಲ್ಲ, ಯಾಕೆಂದರೆ ಮೂಳೆಯೊಳಗಿನ ಮಜ್ಜೆ ಸುಟ್ಟುಹೋಗುತ್ತದೆ, ಮಜ್ಜೆ ಹೋದರೆ ಹೊಸ ರಕ್ತ ಹುಟ್ಟೋದಿಲ್ಲ. ಅದಕ್ಕೇ ಮುಂಚಿತವಾಗಿ ಸ್ಟೆಮ್ ಸೆಲ್ ತೆಗೆದು ಭದ್ರವಾಗಿ ಇಡುತ್ತಾರೆ. ಹೊಲಕ್ಕೆ ಕಳೆನಾಶಕ ಹೊಡೆಯೋ ಮುಂಚೆ ಬಿತ್ತನೆ ರಾಗಿ ಎತ್ತಿಟ್ಟ ಹಾಗೆ ಅಂದುಕೊಳ್ಳಿ.

ತೆಗೆಯೋದು ಹೇಗೆ? ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನೋ ಇಂಜೆಕ್ಷನ್ ಚರ್ಮದಡಿ ಕೊಡುತ್ತಾರೆ. ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಪ್ಲೇಟ್‌ಲೆಟ್ ತೆಗೆಯುವಂಥದ್ದೇ ಮಷೀನಿನ ಪಕ್ಕ ಮೂರ್ನಾಲ್ಕು ಗಂಟೆ ಮಲಗಬೇಕು. ರಕ್ತ ಒಂದು ಕಡೆಯಿಂದ ಹೋಗಿ, ಸ್ಟೆಮ್ ಸೆಲ್ ಬಿಟ್ಟು, ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ. ಮೈತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸೆಲ್ ಬೇಕು, 50 ಲಕ್ಷ ಸಿಕ್ಕರೆ ಡಾಕ್ಟರಿಗೆ ಖುಷಿ. ಒಂದು ದಿನದಲ್ಲಿ ಸಾಲದಿದ್ದರೆ ಮಾರನೇ ದಿನ ಮತ್ತೆ ತೆಗೆಯುತ್ತಾರೆ. ಸಾಮಾನ್ಯವಾಗಿ ದ್ರವ ಸಾರಜನಕದಲ್ಲಿ, ಅಂದರೆ ಮೈನಸ್ 196 ಡಿಗ್ರಿ ಚಳಿಯಲ್ಲಿ ಇಡುತ್ತಾರೆ.

ಆಮೇಲೆ ಆಸ್ಪತ್ರೆಗೆ ಸೇರಿಸಿ ಸುಮಾರು ಆರು ದಿನ ಬೀಮ್ ಅನ್ನೋ ನಾಲ್ಕು ಔಷಧಿಗಳ ಕೀಮೋ. ಕೊನೇದು ಮೆಲ್ಫಲಾನ್, ಅದನ್ನು ಹಾಕುವಾಗ ಬಾಯಲ್ಲಿ ಐಸ್ ಚೂರು ಚೀಪಿಸುತ್ತಾರೆ. ಬಾಯಿ ತಣ್ಣಗಿದ್ದರೆ ಅಲ್ಲಿಗೆ ರಕ್ತ ಕಮ್ಮಿ ಹರಿಯುತ್ತದೆ, ಔಷಧಿಯೂ ಕಮ್ಮಿ ತಲುಪುತ್ತದೆ, ಹುಣ್ಣು ಕಮ್ಮಿ ಆಗುತ್ತದೆ. ಯಜಮಾನ್ರು ಹಲ್ಲು ಜುಮ್ಮೆನ್ನುತ್ತೆ ಅಂತ ಉಗುಳೋಕೆ ನೋಡ್ತಾರೆ, ಬಿಡಬೇಡಿ. ಮುಂದೆ ವಾರಗಟ್ಟಲೆ ಅನ್ನ ನುಂಗೋಕೆ ಆಗದೆ ಒದ್ದಾಡೋದಕ್ಕಿಂತ ಇದು ವಾಸಿ.

ಕಸಿಯ ದಿನ ಆಪರೇಷನ್ ಏನೂ ಇಲ್ಲ. ಬ್ಯಾಗನ್ನು ಬೆಚ್ಚಗಿನ ನೀರಲ್ಲಿ ಕರಗಿಸಿ, ರಕ್ತ ಏರಿಸಿದ ಹಾಗೇ ಏರಿಸುತ್ತಾರೆ. ಸೆಲ್ ಕೆಡದಿರಲಿ ಅಂತ ಹಾಕಿದ ಡಿಎಂಎಸ್‌ಒ ಉಸಿರಲ್ಲಿ ಹೊರಗೆ ಬರುತ್ತದೆ, ರೂಮೆಲ್ಲ ಬೆಳ್ಳುಳ್ಳಿ ವಾಸನೆ. ಒಂದೆರಡು ದಿನ ಇರುತ್ತದೆ, ಗಾಬರಿ ಬೇಡ. ಹತ್ತು ಹನ್ನೆರಡು ದಿನಕ್ಕೆ ಬಿಳಿ ರಕ್ತಕಣ ಏಳೋಕೆ ಶುರು. ಆ ಹತ್ತು ದಿನವೇ ಕಷ್ಟದ್ದು. ಜ್ವರ, ಬೇಧಿ, ಬಾಯಿಹುಣ್ಣು, ಸುಸ್ತು ಎಲ್ಲ ಒಟ್ಟಿಗೆ ಬರುತ್ತವೆ. ಕಸಿಯಿಂದಲೇ ಜೀವ ಹೋಗುವ ಅಪಾಯ ಸ್ವಂತ ಸೆಲ್‌ನ ಕಸಿಯಲ್ಲಿ ನೂರಕ್ಕೆ ಐದಕ್ಕಿಂತ ಕಮ್ಮಿ. ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಇನ್ನು ನಿಮ್ಮ ಅನುಮಾನ. ತೆಗೆದ ಸೆಲ್ ಜೊತೆ ಒಂದಷ್ಟು ಕ್ಯಾನ್ಸರ್ ಕಣ ಬರಬಹುದಾ? ಬರಬಹುದು. ಅದಕ್ಕೇ ಹೊಸ ಕೀಮೋ ಕೊಟ್ಟು, ಗಡ್ಡೆ ಕರಗಿಸಿಕೊಂಡು, ಮಜ್ಜೆ ಶುದ್ಧ ಇದೆಯಾ ಅಂತ ನೋಡಿಕೊಂಡೇ ಸೆಲ್ ತೆಗೆಯೋದು. ಕಸಿ ಆದಮೇಲೂ ರೋಗ ಮರಳಿದರೆ ಅದಕ್ಕೆ ಮುಖ್ಯ ಕಾರಣ ಬ್ಯಾಗಿನಲ್ಲಿ ಬಂದ ಕಣ ಅಲ್ಲ, ಮೈಯಲ್ಲೇ ಬಚ್ಚಿಟ್ಟುಕೊಂಡು ಭಾರಿ ಕೀಮೋಗೂ ಸಾಯದೆ ಉಳಿದದ್ದು.

ಮೊದಲೇ ಯಾಕೆ ಮಾಡಲಿಲ್ಲ? ಆರ್-ಚಾಪ್‌ನಲ್ಲೇ ಹತ್ತರಲ್ಲಿ ಸುಮಾರು ಆರು ಜನಕ್ಕೆ ಈ ರೋಗ ಪೂರ್ತಿ ವಾಸಿಯಾಗುತ್ತದೆ. ಅವರನ್ನೆಲ್ಲ ಸುಮ್ನೆ ಈ ಕಷ್ಟಕ್ಕೆ ದೂಡೋದು ಯಾಕೆ? ಮೊದಲ ಸುತ್ತಲ್ಲೇ ಕಸಿ ಮಾಡಿ ನೋಡಿದ ಅಧ್ಯಯನಗಳೂ ಇವೆ, ಒಟ್ಟಾರೆ ಆಯುಸ್ಸು ಹೆಚ್ಚಲಿಲ್ಲ. ಮರಳಿ ಬಂದ ರೋಗದಲ್ಲಿ ಕಥೆ ಬೇರೆ. 1995ರಲ್ಲಿ ಪ್ರಕಟವಾದ ಪಾರ್ಮಾ ಅಧ್ಯಯನ ನೋಡಿ. ರೋಗ ಮರಳಿದ 215 ಜನಕ್ಕೆ ಮೊದಲು ಎರಡು ಸುತ್ತು ಕೀಮೋ ಕೊಟ್ಟರು. ಗಡ್ಡೆ ಕರಗಿದವರಲ್ಲಿ 109 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಸಿ, ಇನ್ನೊಂದಕ್ಕೆ ಅದೇ ಕೀಮೋ ಮುಂದುವರಿಸಿದರು. ಐದು ವರ್ಷದ ನಂತರ ರೋಗದ ಕಾಟವಿಲ್ಲದೆ ಇದ್ದವರು ಕಸಿ ಗುಂಪಲ್ಲಿ ನೂರಕ್ಕೆ 46, ಬರೀ ಕೀಮೋ ಗುಂಪಲ್ಲಿ 12. ಬದುಕಿದ್ದವರು 53 ಮತ್ತು 32.

ಇದರಲ್ಲಿ ಎಲ್ಲರೂ 46 ಅನ್ನೋ ನಂಬರ್ ನೋಡುತ್ತಾರೆ. ನಾನು ನೋಡೋದು 215 ಹೇಗೆ 109 ಆಯಿತು ಅನ್ನೋದನ್ನ. ಕೀಮೋಗೆ ಬಗ್ಗದ ರೋಗ ಇದ್ದವರನ್ನು ಕಸಿಗೆ ತೆಗೆದುಕೊಳ್ಳಲೇ ಇಲ್ಲ. ಇವತ್ತಿಗೂ ಹಾಗೇ. ಈಗ ಕೊಡುವ ಕೀಮೋ ಆರ್-ಐಸ್ ಅಥವಾ ಆರ್-ಡಿಹ್ಯಾಪ್, ಎರಡರಲ್ಲಿ ಯಾವುದಾದರೂ ಸರಿ, ಹೋಲಿಸಿ ನೋಡಿದಾಗ ಹೆಚ್ಚುಕಮ್ಮಿ ಒಂದೇ ಫಲ. ಎರಡು ಮೂರು ಸುತ್ತು ಆದಮೇಲೆ, ಮೈಯಲ್ಲಿ ರೋಗ ಎಲ್ಲೆಲ್ಲಿ ಉಳಿದಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಡಾಕ್ಟರ ಹತ್ತಿರ ನೀವು ಕೇಳಬೇಕಾದ್ದು ‘ಕಸಿ ಯಾವಾಗ ಸಾರ್?’ ಅಂತಲ್ಲ, ‘ಗಡ್ಡೆ ಎಷ್ಟು ಕರಗಿದೆ ಸಾರ್?’ ಅಂತ. ಕರಗಿದ್ದರೆ ಧೈರ್ಯವಾಗಿ ಕಸಿಗೆ ಹೋಗಿ. ಯಜಮಾನ್ರದ್ದು ಇನ್ನೂ ಚಿಕ್ಕ ವಯಸ್ಸು, ಮೊದಲ ಚಿಕಿತ್ಸೆ ಮುಗಿದು ವರ್ಷದ ಮೇಲಾಗಿ ಮರಳಿದೆ ಅಂದರೆ ಅದೂ ಅವರ ಪರವಾಗೇ ಇದೆ.

ಪ್ರಶ್ನೆ: ಸರ್, ನನ್ನ ಅಕ್ಕನಿಗೆ 24 ವರ್ಷ, ಹಾಡ್ಜ್‌ಕಿನ್ ಲಿಂಫೋಮಾ. ಎಬಿವಿಡಿ ಕೀಮೋ ಆಗಿ ಒಂದೂವರೆ ವರ್ಷಕ್ಕೆ ವಾಪಸ್ ಬಂದಿದೆ. ನನ್ನ ಮಜ್ಜೆ ಕೊಡೋಕೆ ನಾನು ರೆಡಿ. ಆದರೆ ಅಮ್ಮ ಅಳ್ತಾ ಇದ್ದಾರೆ, ಬೆನ್ನುಮೂಳೆಗೆ ಸೂಜಿ ಹಾಕಿದ್ರೆ ನಾಳೆ ಮಾವಿನ ಕ್ರೇಟು ಎತ್ತೋಕೂ ಆಗಲ್ಲ ಅಂತ. ಏನು ಮಾಡಲಿ? (ಯುವಕ, ಶ್ರೀನಿವಾಸಪುರ)

ಉತ್ತರ: ತಮ್ಮಾ, ಮೊದಲು ಅಮ್ಮನಿಗೆ ಹೇಳು, ಬೆನ್ನುಮೂಳೆಗೆ ಯಾರೂ ಸೂಜಿ ಹಾಕೋದಿಲ್ಲ. ಮಜ್ಜೆ ತೆಗೆಯೋದಾದರೆ ಸೊಂಟದ ಮೂಳೆಯ ಹಿಂಭಾಗದಿಂದ, ಅರಿವಳಿಕೆ ಕೊಟ್ಟು. ನಾಲ್ಕೈದು ದಿನ ಸೊಂಟ ಹಿಡಿದ ಹಾಗಿರುತ್ತದೆ, ಕೆಲವು ವಾರದಲ್ಲಿ ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ. ಈಗಂತೂ ಹೆಚ್ಚಿನ ಕಡೆ ಮಾಲೂರಿನ ಅಮ್ಮನಿಗೆ ಹೇಳಿದ ಹಾಗೆ ಇಂಜೆಕ್ಷನ್ ಕೊಟ್ಟು ತೋಳಿನ ರಕ್ತದಿಂದಲೇ ತೆಗೆಯುತ್ತಾರೆ. ಮುಂದಿನ ಸೀಸನ್ನಿಗೆ ಕ್ರೇಟು ಆರಾಮಾಗಿ ಎತ್ತುತ್ತೀಯ.

ಆದರೆ ನಿನ್ನ ಮಜ್ಜೆ ಈಗ ಬೇಕಾಗೋದೇ ಅನುಮಾನ. ಹಾಡ್ಜ್‌ಕಿನ್ ಮರಳಿದರೆ ಮೊದಲ ಆಯ್ಕೆ ರೋಗಿಯ ಸ್ವಂತ ಸೆಲ್ ಕಸಿ. ಇದರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರೋಗ ಪೂರ್ತಿ ಹೋಗುತ್ತದೆ. ಮತ್ತೆ ಬರುವ ಅಪಾಯ ಜಾಸ್ತಿ ಇದ್ದವರಿಗೆ ಕಸಿ ಆದಮೇಲೆ ಬ್ರೆಂಟುಕ್ಸಿಮ್ಯಾಬ್ ಅನ್ನೋ ಔಷಧಿ ಕೊಡುವ ಪದ್ಧತಿಯೂ ಇದೆ. ಏಥೆರಾ ಅನ್ನೋ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಐದು ವರ್ಷವಾದರೂ ರೋಗ ಮುಂದುವರಿಯದೆ ಇದ್ದವರು ನೂರಕ್ಕೆ 59, ಪಡೆಯದವರಲ್ಲಿ 41. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯೂನ್ ಔಷಧಿಗಳನ್ನು ಕಸಿಗೆ ಮುಂಚೆಯೇ ಕೊಟ್ಟು ರೋಗ ತಗ್ಗಿಸೋದೂ ಈಗ ನಡೆಯುತ್ತಿದೆ. ದುಬಾರಿ, ಅದು ಬೇರೆ ಮಾತು.

ಇದೆಲ್ಲ ಆಗಿಯೂ ರೋಗ ಬಗ್ಗದಿದ್ದರೆ ಆಗ ಬೇರೆಯವರ ಸೆಲ್. ಅಲ್ಲಿ ಲೆಕ್ಕವೇ ಬೇರೆ. ದಾನಿಯ ಸೆಲ್‌ಗಳೇ ಲಿಂಫೋಮಾ ಮೇಲೆ ಬಿದ್ದು ಹೊಡೆಯುತ್ತವೆ, ಆದರೆ ಅವೇ ರೋಗಿಯ ಚರ್ಮ, ಕರುಳು, ಲಿವರ್ ಮೇಲೂ ಬೀಳಬಹುದು. ಅಪಾಯ ಸ್ವಂತ ಸೆಲ್ ಕಸಿಗಿಂತ ಎಷ್ಟೋ ಜಾಸ್ತಿ. ಎಚ್‌ಎಲ್‌ಎ, ಅಂದರೆ ಸೆಲ್ ಮೇಲಿರುವ ಗುರುತುಗಳು, ಇಬ್ಬರಿಗೂ ಹೊಂದಬೇಕು, ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅರ್ಧ ಹೊಂದಿದರೂ ಈಗ ಕಸಿ ಮಾಡುತ್ತಾರೆ, ಕಸಿಯ ನಂತರದ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಕೊಟ್ಟು ಆ ಜಗಳ ತಗ್ಗಿಸುವ ವಿಧಾನ ಬಂದಿದೆ. ಹಾಗಾಗಿ ನಿನ್ನ ಸರದಿ ಬಂದರೂ ಬರಬಹುದು. ಈಗಲೇ ಓಡಬೇಕಿಲ್ಲ.

ಇನ್ನೊಂದು ಮಾತು, ಇದನ್ನು ಅಮ್ಮನೇ ಅಕ್ಕನ ಜೊತೆ ಮಾತಾಡಲಿ. ಭಾರಿ ಡೋಸ್ ಕೀಮೋ ಆದಮೇಲೆ ಮಕ್ಕಳಾಗೋದು ಕಷ್ಟವಾಗಬಹುದು. ಅಂಡಾಣು ತೆಗೆದಿಡುವ ಅವಕಾಶವಿದೆ, ಕಸಿಗೆ ಮುಂಚೆಯೇ ಆಗಬೇಕು. ಮದುವೆಯಾಗದ ಹುಡುಗಿ ಅಂತ ಮನೆಯವರು ಈ ಮಾತೇ ಎತ್ತೋದಿಲ್ಲ, ಬಿಡುವಿಲ್ಲದ ಓಪಿಡಿಯಲ್ಲಿ ಡಾಕ್ಟರೂ ಮರೆಯುತ್ತಾರೆ. ನೀವಾಗೇ ಕೇಳಿ. ನಾಚಿಕೆಯ ವಿಷಯ ಇದಲ್ಲ.

ಪ್ರಶ್ನೆ: ನಮ್ಮ ತಂದೆಗೆ 74. ಫಾಲಿಕ್ಯುಲರ್ ಲಿಂಫೋಮಾ ಇದೆ ಅಂತ ಹೇಳಿ, ಔಷಧಿ ಏನೂ ಬೇಡ, ಮೂರು ತಿಂಗಳಿಗೊಮ್ಮೆ ತೋರಿಸಿ ಅಂತ ಕಳಿಸಿದ್ದಾರೆ. ಈ ಮಧ್ಯೆ ಒಂದು ಕ್ಲಿನಿಕ್‌ನಿಂದ ಫೋನ್ ಬರ್ತಿದೆ, ಮೂರು ಸ್ಟೆಮ್ ಸೆಲ್ ಇಂಜೆಕ್ಷನ್, ಅಡ್ಮಿಟ್ ಆಗೋದೇ ಬೇಡ, ಅಡ್ವಾನ್ಸ್ ಕಟ್ಟಿ ಅಂತ. ಒಂದು ಕಡೆ ಏನೂ ಕೊಡಲ್ಲ ಅಂತಾರೆ, ಇನ್ನೊಂದು ಕಡೆ ವಾಸಿ ಮಾಡ್ತೀವಿ ಅಂತಾರೆ. (ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಉತ್ತರ: ಅಡ್ವಾನ್ಸ್ ಕಟ್ಟಬೇಡಿ. ಕಟ್ಟಿದ್ದರೆ ವಾಪಸ್ ಕೇಳಿ.

ಫಾಲಿಕ್ಯುಲರ್ ನಿಧಾನದ ಕಾಯಿಲೆ. ಗಡ್ಡೆ ಚಿಕ್ಕದಿದ್ದು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಏನೂ ಇಲ್ಲದಿದ್ದರೆ ನೋಡುತ್ತಾ ಕಾಯೋದೇ ಸರಿಯಾದ ಚಿಕಿತ್ಸೆ. ಡಾಕ್ಟರು ಕೈಬಿಟ್ಟಿಲ್ಲ. ಕೈಬಿಟ್ಟಿದ್ದರೆ ಮೂರು ತಿಂಗಳಿಗೆ ಬನ್ನಿ ಅನ್ನುತ್ತಿರಲಿಲ್ಲ.

ಸ್ಟೆಮ್ ಸೆಲ್ ಹೆಸರಲ್ಲಿ ಎರಡು ಬೇರೆ ಬೇರೆ ವ್ಯವಹಾರ ನಡೆಯುತ್ತಿದೆ. ಒಂದು, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ. ಅಮೆರಿಕದ ಡೊನಾಲ್ ಥಾಮಸ್ 1957ರಲ್ಲಿ ಇದರ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದರು. ವರ್ಷಗಟ್ಟಲೆ ಸೋಲು ಕಂಡು, ಕೊನೆಗೆ ಗೆದ್ದು, 1990ರಲ್ಲಿ ನೊಬೆಲ್ ಪಡೆದರು. ನಮ್ಮಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ 1983ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ ಶುರುವಾಯಿತು. ಇದು ಪ್ರಯೋಗ ಅಲ್ಲ, ಪಳಗಿದ ಚಿಕಿತ್ಸೆ. ಇನ್ನೊಂದು, ಮಂಡಿನೋವಿನಿಂದ ಹಿಡಿದು ಆಟಿಸಂವರೆಗೆ ಎಲ್ಲದಕ್ಕೂ ಒಂದೇ ಇಂಜೆಕ್ಷನ್ ಅನ್ನೋ ಅಂಗಡಿಗಳು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ, ರಕ್ತದ ಕಾಯಿಲೆಗಳ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಸಂಶೋಧನೆ, ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ಮಾಡಬೇಕು. ನಿಮ್ಮ ತಂದೆಗಿರೋದು ರಕ್ತಕ್ಕೆ ಸೇರಿದ ಕಾಯಿಲೆಯೇ ಅಲ್ವಾ ಅಂತ ಆ ಕ್ಲಿನಿಕ್‌ನವರು ವಾದ ಮಾಡಬಹುದು. ಹಾಗಾದರೆ ಕೇಳಿ, ಭಾರಿ ಕೀಮೋ ಎಲ್ಲಿ, ಸೋಂಕು ತಗಲದ ರೂಮು ಎಲ್ಲಿ, ಸೆಲ್ ಯಾರದ್ದು, ಎಷ್ಟು? ಅಡ್ಮಿಟ್ ಇಲ್ಲದೆ, ಕೀಮೋ ಇಲ್ಲದೆ ಮೂರು ಇಂಜೆಕ್ಷನ್‌ನಲ್ಲಿ ಲಿಂಫೋಮಾ ವಾಸಿ ಮಾಡುವ ಸ್ಟೆಮ್ ಸೆಲ್ ಚಿಕಿತ್ಸೆ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ಕಾರ್-ಟಿ ಬಂದಮೇಲೆ ಬೋನ್ ಮ್ಯಾರೋ ಕಸಿ ಮೂಲೆಗೆ ಸೇರುತ್ತಾ ಸರ್? (ಬಿಎಸ್‌ಸಿ ವಿದ್ಯಾರ್ಥಿನಿ, ಕೋಲಾರ)

ಉತ್ತರ: ಕೆಲವು ಕಡೆ ಆಗಲೇ ಜಾಗ ಬಿಟ್ಟುಕೊಡುತ್ತಿದೆ ಕಣಮ್ಮ. ಎಲ್ಲ ಕಡೆ ಅಲ್ಲ.

ರೋಗಿಯ ಟಿ-ಸೆಲ್ ತೆಗೆದು, ಲ್ಯಾಬಿನಲ್ಲಿ ವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಲಿಂಫೋಮಾ ಕಣದ ಮೇಲಿರುವ ಸಿಡಿ19 ಗುರುತು ಹಿಡಿಯೋ ಹಾಗೆ ಮಾಡಿ ವಾಪಸ್ ಬಿಡೋದು ಕಾರ್-ಟಿ. ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ಕಸಿಗೂ ಇದಕ್ಕೂ ನೇರ ಪೈಪೋಟಿ ಇಟ್ಟಿದ್ದು ಝುಮಾ-7 ಅಧ್ಯಯನ. ಡಿಎಲ್‌ಬಿಸಿಎಲ್‌ನಂಥ ಜೋರಿನ ಲಿಂಫೋಮಾ ಮೊದಲ ಚಿಕಿತ್ಸೆಗೆ ಬಗ್ಗದ, ಅಥವಾ ಒಂದು ವರ್ಷದೊಳಗೆ ಮರಳಿದ 359 ಜನ. ಎರಡು ವರ್ಷಕ್ಕೆ ರೋಗದ ಕಾಟವಿಲ್ಲದೆ ಇದ್ದವರು ಕಾರ್-ಟಿಯಲ್ಲಿ ನೂರಕ್ಕೆ 41, ಕೀಮೋ ಮತ್ತು ಕಸಿಯ ದಾರಿಯಲ್ಲಿ 16. ನಾಲ್ಕು ವರ್ಷಕ್ಕೆ ಬದುಕಿದ್ದವರು ಸುಮಾರು 55 ಮತ್ತು 46. ಕಸಿ ಗುಂಪಿನ ಸೋಲಿಗೆ ಕಾರಣ ನೋಡಿ, ಅಲ್ಲಿನ ಹೆಚ್ಚಿನವರು ಕಸಿಯವರೆಗೆ ತಲುಪಲೇ ಇಲ್ಲ, ಗಡ್ಡೆ ಕೀಮೋಗೆ ಕರಗಲಿಲ್ಲ. ಮೇಲೆ ಹೇಳಿದ 215 ಮತ್ತು 109ರ ಕಥೆಯೇ ಇದು. ಹಾಗಂತ ಎಲ್ಲ ಕಾರ್-ಟಿಯೂ ಗೆದ್ದಿಲ್ಲ. ಬೆಲಿಂಡಾ ಅನ್ನೋ ಅಧ್ಯಯನದಲ್ಲಿ ಬೇರೆ ಕಂಪನಿಯ ಕಾರ್-ಟಿ ಹಳೇ ದಾರಿಗಿಂತ ಮೇಲು ಅಂತ ತೋರಿಸೋಕೆ ಆಗಲಿಲ್ಲ.

ಮ್ಯಾಂಟಲ್ ಸೆಲ್ ಅನ್ನೋ ಇನ್ನೊಂದು ಬಗೆಯ ಲಿಂಫೋಮಾದಲ್ಲಿ ಕಸಿಯನ್ನು ಅಲ್ಲಾಡಿಸಿದ್ದು ಕಾರ್-ಟಿ ಅಲ್ಲ, ಮಾತ್ರೆ. 2024ರಲ್ಲಿ ಪ್ರಕಟವಾದ ಟ್ರಯಾಂಗಲ್ ಅಧ್ಯಯನದಲ್ಲಿ 870 ಜನ. ಮೂರು ವರ್ಷಕ್ಕೆ ಚಿಕಿತ್ಸೆ ಸೋಲದೆ ಉಳಿದವರು ಕೀಮೋ ಮತ್ತು ಕಸಿಯಲ್ಲಿ ನೂರಕ್ಕೆ 72, ಅದಕ್ಕೆ ಇಬ್ರುಟಿನಿಬ್ ಮಾತ್ರೆ ಸೇರಿಸಿದಾಗ 88, ಕಸಿ ಬಿಟ್ಟು ಕೀಮೋ ಜೊತೆ ಇಬ್ರುಟಿನಿಬ್ ಕೊಟ್ಟಾಗ 86. ಕಸಿ ಇಲ್ಲದೆಯೂ ಅಷ್ಟೇ ಫಲ ಸಿಗೋದಾದರೆ ಯಾರು ತಾನೇ ಮಾಡಿಸಿಕೊಳ್ಳುತ್ತಾರೆ?

ನಮ್ಮ ದೇಶದ್ದೇ ಕಾರ್-ಟಿ ಇದೆ ಅನ್ನೋದು ಹೆಮ್ಮೆಯ ವಿಷಯ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಿಡುಗಡೆ ಮಾಡಿದರು. ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ 2025ರಲ್ಲಿ ತನ್ನದನ್ನು ತಂದಿತು. ಹೊರದೇಶದ ಬೆಲೆಗೆ ಹೋಲಿಸಿದರೆ ಅಗ್ಗ. ಆದರೂ ಹತ್ತಾರು ಲಕ್ಷ ರೂಪಾಯಿ, ಟೊಮೊಟೊ ಬೆಳೆಯೋ ಮನೆಯವರಿಗೆ ಅದು ಅಗ್ಗ ಅಂತ ನಾನು ಹೇಳೋದಿಲ್ಲ. ಜೊತೆಗೆ ಜೋರು ಜ್ವರ, ಬಿಪಿ ಇಳಿಯೋದು, ಕೆಲವರಿಗೆ ಗೊಂದಲ, ಮಾತು ತೊದಲೋದು ಆಗುತ್ತದೆ, ಐಸಿಯು ಇರುವ ಕಡೆಯೇ ಮಾಡಬೇಕು. ತಡವಾಗಿ ಮರಳಿದ, ಕೀಮೋಗೆ ಕರಗುವ ಡಿಎಲ್‌ಬಿಸಿಎಲ್‌ಗೆ, ಮರಳಿದ ಹಾಡ್ಜ್‌ಕಿನ್‌ಗೆ ನಮ್ಮಲ್ಲಿ ಇನ್ನೂ ಬಹಳ ವರ್ಷ ಸ್ವಂತ ಸೆಲ್ ಕಸಿಯೇ ದಾರಿ ಅಂತ ನನ್ನ ಅಂದಾಜು.

ಪ್ರಶ್ನೆ: ಅಣ್ಣನಿಗೆ ಕಸಿ ಆಗಿ ಮನೆಗೆ ಬರ್ತಿದ್ದಾರೆ. ಮನೆ ಪಕ್ಕದಲ್ಲೇ ಕೊಟ್ಟಿಗೆ, ಎರಡು ಸೀಮೆಹಸು, ಹಿಂದೆ ರೇಷ್ಮೆಹುಳು ಮನೆ. ಊಟಕ್ಕೆ ಮುದ್ದೆ ಬೇಡ, ಬ್ರೆಡ್ ಕೊಡಿ ಅಂತ ನೆಂಟರು ಹೇಳ್ತಾರೆ. (ಮುಳಬಾಗಿಲು ತಾಲ್ಲೂಕು)

ಉತ್ತರ: ನೆಂಟರ ಮಾತು ಬಿಡಿ. ಬಿಸಿ ಮುದ್ದೆ, ಚೆನ್ನಾಗಿ ಕುದಿಸಿದ ಸೊಪ್ಪಿನ ಸಾರು ಧಾರಾಳವಾಗಿ ಕೊಡಿ. ಆಗ ಮಾಡಿದ್ದನ್ನು ಆಗಲೇ ತಿನ್ನಬೇಕು, ಬೆಳಗಿನ ಕಾಯಿಚಟ್ನಿ ರಾತ್ರಿಗೆ ಬೇಡ. ಹಸಿ ಹಾಲು ಬೇಡ, ಕಾಯಿಸಿದ್ದು ಸರಿ. ಹಣ್ಣು ತೊಳೆದು ಸಿಪ್ಪೆ ತೆಗೆದು ಕೊಡಿ. ಬೋರ್ ನೀರು, ಕ್ಯಾನ್ ನೀರು ಯಾವುದಾದರೂ ಕುದಿಸಿ ಆರಿಸಿ ಕೊಡಿ.

ನನಗೆ ಚಿಂತೆ ಊಟದ್ದಲ್ಲ, ಕೊಟ್ಟಿಗೆಯದ್ದು. ಒಣಹುಲ್ಲು, ಸಗಣಿ, ತಿಪ್ಪೆ ಇವುಗಳ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಗಟ್ಟಿಮುಟ್ಟಾದವರು ಉಸಿರಾಡಿಕೊಂಡು ಓಡಾಡುತ್ತಾರೆ, ಕಸಿ ಆದವರಿಗೆ ಅದೇ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತದೆ. ರಾಗಿ ಹುಲ್ಲಿನ ಮೆದೆ ಕೀಳುವಾಗ ಅಣ್ಣ ಆ ಕಡೆ ಸುಳಿಯಲೇಬಾರದು. ಹಾಲು ಕರೆಯೋದು, ಸಗಣಿ ಬಾಚೋದು, ಹುಳುವಿನ ತಟ್ಟೆ ಬದಲಿಸೋದು ಮನೆಯವರು ಬೇರೆ ಯಾರಾದರೂ ಮಾಡಲಿ. ಹುಳು ಮನೆಗೆ ಬ್ಲೀಚಿಂಗ್, ಫಾರ್ಮಲಿನ್ ಹೊಡೆಯೋ ದಿನ ಅವರನ್ನು ನೆಂಟರ ಮನೆಗೆ ಕಳಿಸಿ, ಬ್ರೆಡ್ ಕೊಡಿ ಅಂದವರ ಮನೆಗೇ ಕಳಿಸಿದರೂ ಆಯಿತು. ಎಷ್ಟು ತಿಂಗಳು ಅನ್ನೋದನ್ನ ಕಸಿ ಮಾಡಿದ ಡಾಕ್ಟರೇ ರಕ್ತ ನೋಡಿ ಹೇಳುತ್ತಾರೆ.

ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. 100.4 ದಾಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ. ಸರ್ಪಸುತ್ತಿಗೆ ಅಂತ ಕೊಟ್ಟ ಅಸೈಕ್ಲೋವಿರ್ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೀನಲ್ಲ’ ಅಂತ ನಿಲ್ಲಿಸಬಾರದು. ಚಿಕ್ಕಂದಿನಲ್ಲಿ ಹಾಕಿದ ಲಸಿಕೆಗಳ ಬಲ ಹೋಗಿರುತ್ತದೆ, ಸುಮಾರು ಆರು ತಿಂಗಳಿಂದ ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷ ಕಾಯಬೇಕು.

ಪ್ರಶ್ನೆ: ಕುತ್ತಿಗೆಯಲ್ಲಿ ಗಡ್ಡೆ. ಸೂಜಿ ಟೆಸ್ಟ್ ಮಾಡಿ ಟಿಬಿ ಇರಬಹುದು ಅಂತ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳಾಯ್ತು, ದೊಡ್ಡದೇ ಆಗ್ತಿದೆ. (ಬಂಗಾರಪೇಟೆ)

ಉತ್ತರ: ಇನ್ನು ಕಾಯಬೇಡಿ. ನಮ್ಮ ಕಡೆ ಟಿಬಿ ಜಾಸ್ತಿ, ಮೊದಲ ಅನುಮಾನ ಅದರ ಮೇಲೆ ಬೀಳೋದು ಸಹಜ. ಆದರೆ ಲಿಂಫೋಮಾ ಹೌದೋ ಅಲ್ಲವೋ ಅಂತ ಹೇಳೋಕೆ ಸೂಜಿ ಟೆಸ್ಟ್ ಸಾಲದು. ಗಡ್ಡೆಯನ್ನೇ ತೆಗೆದು ಬಯಾಪ್ಸಿ ಮಾಡಿಸಿ, ಜೊತೆಗೆ ಯಾವ ಬಗೆಯ ಕಣ ಅಂತ ಬಣ್ಣ ಹಾಕಿ ಗುರುತಿಸುವ ಐಎಚ್‌ಸಿ ಪರೀಕ್ಷೆ ಕೂಡ. ಟಿಬಿ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿಯೇ ಮುಂದಿನ ಹೆಜ್ಜೆ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಇದೆ. ಕಸಿಗೆ ಎಲ್ಲಿಗೆ ಹೋಗಬೇಕು, ದುಡ್ಡು ಹೇಗೆ? (ಟೇಕಲ್)

ಉತ್ತರ: ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ ರೆಫರಲ್ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಈಗ ಕಸಿಯ ಘಟಕವಿದೆ. ಅಲ್ಲಿ ಆರೋಗ್ಯಮಿತ್ರರನ್ನು ಹುಡುಕಿ, ನಿಮ್ಮ ಕಸಿ ಯಾವ ಪ್ಯಾಕೇಜಿಗೆ ಬರುತ್ತದೆ, ಕೈಯಿಂದ ಎಷ್ಟು ಹಾಕಬೇಕು ಅಂತ ಅಡ್ಮಿಟ್ ಆಗೋ ಮುಂಚೆಯೇ ಬರೆಸಿಕೊಳ್ಳಿ. ಉಳಿದದ್ದಕ್ಕೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ವೆಲ್ಲೂರಿಗೆ ಹೋಗೋದಾದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯೋದು ಸುಲಭ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಯಲ್ಲಿ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ ಇದೆ. ಅದರ ಫಾರಂಗೆ ಆಸ್ಪತ್ರೆಯ ಸೀಲು, ಡಾಕ್ಟರ ಸಹಿ ಬೇಕು, ಓಪಿಡಿಗೆ ಹೋದ ದಿನವೇ ಹಾಕಿಸಿಕೊಂಡು ಬನ್ನಿ.